ಗುಂಡಿ ಎಣಿಸಿದ ಭಾನುವಾರ

"ಇನ್ನು ಮೂವತ್ತು ದಿನದೊಳಗೆ ನಮ್ಮ ಕಂಪನಿಗೆ ಒಂದು ಒಳ್ಳೇ ಸಾಫ್ಟ್‌ವೇರ್ ಆರಿಸಿ ತರದೇ ಹೋದ್ರೆ, ನಾನು ಅಂಗಿಗೆ ಗುಂಡಿ ಹಾಕೋದನ್ನೇ ಬಿಟ್ಬಿಡ್ತೀನಿ!"

ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ಯಜಮಾನರು ಈ ಘೋರ ಪ್ರತಿಜ್ಞೆ ಮಾಡಿದರು. ಗುಂಡಿ ತಯಾರಿಸುವ ಕಂಪನಿಯ ಒಡೆಯರಾದವರಿಗೆ ಇದಕ್ಕಿಂತ ಭೀಷಣವಾದ ಆಣೆ ಇಡಲು ಸಾಧ್ಯವೇ ಇರಲಿಲ್ಲ. ಎದುರಿಗೆ ಕುಳಿತಿದ್ದ ಹೆಂಡತಿ ಪತ್ರಿಕೆಯ ಮೇಲಂಚಿನಿಂದ ಒಮ್ಮೆ ನೋಡಿದಳು.

"ಈಗ ಹಾಕಿರೋದೇ ಒಂದು ಕಾಜಾ ತಪ್ಪಿದೆ. ಎಡಗಡೆ ಕಾಲರು ಗಲ್ಲಕ್ಕೆ ಬಂದಿದೆ, ನೋಡ್ಕೊಳ್ಳಿ."

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ದಿನ ದೊಡ್ಡ ಅಂಗಿ ಕಾರ್ಖಾನೆಯೊಂದರ ಮ್ಯಾನೇಜರ್ ಫೋನ್ ಮಾಡಿ, ನಾಲ್ಕು ತೂತಿನ ಬಿಳಿ ಗುಂಡಿ ಎಷ್ಟು ಗ್ರೋಸ್ ಇದೆ ಎಂದು ಕೇಳಿದ್ದ. ಗ್ರೋಸ್ ಎಂದರೆ ಹನ್ನೆರಡು ಡಜನ್. ಗುಂಡಿಗಳ ಲೋಕದಲ್ಲಿ ಬಿಡಿಬಿಡಿಯಾಗಿ ಯಾರೂ ಎಣಿಸುವುದಿಲ್ಲ. "ಒಂದ್ನಿಮಿಷ" ಎಂದ ಯಜಮಾನರು ಗೋದಾಮಿಗೆ ಓಡಿ, ಅಲ್ಲಿದ್ದ ಭಾವನನ್ನು ಕೇಳಿ, ಉತ್ತರ ಹಿಡಿದು ಏದುಸಿರು ಬಿಡುತ್ತಾ ವಾಪಸು ಬರುವಷ್ಟರಲ್ಲಿ ಏಳು ನಿಮಿಷವಾಗಿತ್ತು. "ಏನ್ಸಾರ್, ನಿಮ್ಮ ಕಂಪ್ಯೂಟರ್ ಊಟಕ್ಕೆ ಹೋಗಿತ್ತಾ?" ಎಂದು ಮ್ಯಾನೇಜರ್ ನಕ್ಕಿದ್ದ. ಆ ನಗು ಯಜಮಾನರ ಗುಂಡಿಗೆಯಲ್ಲಿ ನಾಲ್ಕು ತೂತು ಕೊರೆದಿತ್ತು.

ಆ ಕಂಪ್ಯೂಟರ್ ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ಅಣ್ಣ. ಇಪ್ಪತ್ತಾರು ವರ್ಷಗಳಿಂದ ಗೋದಾಮು ಅವರ ಕೈಯಲ್ಲಿತ್ತು. ಮುನ್ನೂರ ನಲವತ್ತು ಬಗೆಯ ಗುಂಡಿಗಳಲ್ಲಿ ಯಾವುದನ್ನೇ ಕೇಳಲಿ, ಕಪಾಟುಗಳ ಹಿಂದೆ ಒಂದು ಸುತ್ತು ಹೋಗಿ ಬಂದು, ಕಣ್ಣು ಮುಚ್ಚಿ ಲೆಕ್ಕ ಒಪ್ಪಿಸುತ್ತಿದ್ದರು. ಭಾವ ಇರುವ ಕಡೆ ಅಭಾವ ಇಲ್ಲ ಎಂದು ಯಜಮಾನರೇ ಎಷ್ಟೋ ಸಲ ಬೀಗಿದ್ದುಂಟು. ಆ ಸುತ್ತು ಈಚೀಚೆಗೆ ಉದ್ದವಾಗುತ್ತಿದೆ ಎಂಬುದನ್ನು ಅವರು ಗಮನಿಸಿದ್ದರು. ಯಾಕೆ ಎಂದು ಕೇಳಿರಲಿಲ್ಲ.

"ಅಣ್ಣನ್ನ ಒಂದ್ಮಾತು ಕೇಳಿದ್ರಾ?" ಎಂದಳು ಹೆಂಡತಿ.

"ಅವರನ್ನ ಕೇಳೋದೇನು? ಪಾಪ, ಮನಸ್ಸಿಗೆ ನೋವು ಮಾಡ್ಕೋತಾರೆ. ಎಲ್ಲಾ ಮುಗಿದ ಮೇಲೆ ನಿಧಾನಕ್ಕೆ ಹೇಳ್ತೀನಿ."

ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಇಲ್ಲದಿದ್ದಾಗ ಮನುಷ್ಯ ಅದಕ್ಕೆ ಕರುಣೆ ಎಂದು ಹೆಸರಿಡುತ್ತಾನೆ. ಯಜಮಾನರೂ ಮನುಷ್ಯರೇ.

ಆಯ್ಕೆಯ ಮಹಾಕಾರ್ಯ ಶುರುವಾಯಿತು. ಮೊದಲು ಬಂದವನು ಟೈ ಕಟ್ಟಿದ ಮಹಾಶಯ. ಅವನು ಲ್ಯಾಪ್‌ಟಾಪ್ ತೆರೆದರೆ ಪರದೆಯ ತುಂಬ ಬಣ್ಣದ ಕಂಬಗಳು ಏಳುತ್ತಿದ್ದವು, ಚಕ್ರಗಳು ತಿರುಗುತ್ತಿದ್ದವು.

"ಸಾರ್, ಇದು ಬರೀ ಲೆಕ್ಕದ ಪುಸ್ತಕ ಅಲ್ಲ. ಖರೀದಿ, ಮಾರಾಟ, ಗೋದಾಮು, ಸಂಬಳ, ಎಲ್ಲಾ ಒಂದೇ ಕಡೆ! ನೀವು ಸುಮ್ನೆ ಕೂತು ನೋಡಿದ್ರೆ ಸಾಕು, ಕಂಪನಿ ತಾನೇ ನಡೆಯುತ್ತೆ."

"ತಪ್ಪು ಬರೆದ್ರೆ?"

"ತಪ್ಪಾ? ಇಗೋ, ಈ ಗುಂಡಿ ಒತ್ತಿ. ಮಾಯ! ತಪ್ಪು ನಡೆದೇ ಇಲ್ಲ!"

ಜೀವಮಾನವಿಡೀ ಗುಂಡಿ ತಯಾರಿಸಿದ ಯಜಮಾನರಿಗೆ, ಇಂಥದೊಂದು ಗುಂಡಿಯನ್ನು ತಾವು ಯಾಕೆ ತಯಾರಿಸಲಿಲ್ಲ ಎಂಬ ಕೊರಗು ಹತ್ತಿತು. ಬದುಕಿನಲ್ಲಿ ಒತ್ತಬೇಕಾದ ಜಾಗಗಳೆಷ್ಟಿದ್ದವು!

ಎರಡನೆಯದನ್ನು ತಂದವರು ದಪ್ಪ ಕನ್ನಡಕದ ಹೆಂಗಸು. ಅವರ ಪರದೆ ಬೂದು ಬಣ್ಣದ್ದು. ಕಂಬವಿಲ್ಲ, ಚಕ್ರವಿಲ್ಲ. ಪ್ರತಿ ಸಾಲಿಗೂ ಅದು "ಖಚಿತವೇ?" ಎಂದು ಕೇಳುತ್ತಿತ್ತು.

"ಇದ್ರಲ್ಲಿ ಬರೆದದ್ದು ಅಳಿಸೋಕಾಗಲ್ಲ ಸಾರ್. ತಪ್ಪಾದ್ರೆ ಅದರ ಮೇಲೆ ಗೆರೆ ಬೀಳುತ್ತೆ. ಕೆಳಗಡೆ ಸರಿಯಾದದ್ದು ಬರೀಬೇಕು. ಎರಡೂ ಉಳ್ಕೊಳ್ಳುತ್ತೆ."

"ನಮ್ಮ ಒಂದನೇ ಕ್ಲಾಸಿನ ಮೇಡಂ ಥರ ಆಯ್ತಲ್ಲಮ್ಮ!"

"ಹೌದು ಸಾರ್" ಎಂದರು ಅವರು, ನಗದೆ.

ಇಬ್ಬರೂ ಒಂದೊಂದು ತಿಂಗಳು ಪುಕ್ಕಟೆಯಾಗಿ ಬಳಸಿ ನೋಡಿ ಎಂದರು. ಯಜಮಾನರು ಎರಡನ್ನೂ ಕಂಪ್ಯೂಟರಿಗೆ ಹಾಕಿಸಿಕೊಂಡು, ಭಾವ ಊಟಕ್ಕೆ ಹೋದಾಗಲೆಲ್ಲ ಗೋದಾಮಿನ ಚೀಟಿಗಳನ್ನು ಕದ್ದು ತಂದು, ಒಂದೇ ಲೆಕ್ಕವನ್ನು ಎರಡು ಕಡೆ ಕುಟ್ಟತೊಡಗಿದರು. ಹದಿನೈದು ದಿನದ ಮೇಲೆ ನಾಲ್ಕು ತೂತಿನ ಬಿಳಿ ಗುಂಡಿಯ ಚೀಲದ ಲೆಕ್ಕ ನೋಡಿದರೆ, ಟೈ ಮಹಾಶಯನ ಸಾಫ್ಟ್‌ವೇರ್ ಅರವತ್ತೊಂದು ಗ್ರೋಸ್ ಎಂದಿತು. ಬೂದು ಸಾಫ್ಟ್‌ವೇರ್ ನಲವತ್ತೇಳು ಎಂದಿತು. ಏನೂ ಅರಿಯದವರಂತೆ ಭಾವನನ್ನು ಕೇಳಿದರೆ, ಅವರು ಸುತ್ತು ಹೋಗಿ ಬಂದು, ಕಣ್ಣು ಮುಚ್ಚಿ, "ಐವತ್ತೆರಡು" ಎಂದರು. ಕಂದು ಕೋಟಿನ ಗುಂಡಿ, ಮಕ್ಕಳ ಫ್ರಾಕಿನ ಗುಂಡಿ, ಇವುಗಳದ್ದೂ ಇದೇ ಹಾಡು. ಸತ್ಯ ಒಂದೇ ಎಂದು ಶಾಲೆಯಲ್ಲಿ ಕಲಿತಿದ್ದ ಯಜಮಾನರ ಎದುರು ಮೂರು ಸತ್ಯಗಳು ಕೈಕಟ್ಟಿ ನಿಂತಿದ್ದವು.

ಎಣಿಸಿಬಿಡುವುದೊಂದೇ ದಾರಿ. ಆದರೆ ಗೋದಾಮಿನಲ್ಲಿ ಕೂತು ಎಣಿಸಿದರೆ ಭಾವನಿಗೆ ತಿಳಿಯುತ್ತದೆ. ಆದ್ದರಿಂದ ಶನಿವಾರ ಮಧ್ಯಾಹ್ನ ಭಾವ ಹಲ್ಲಿನ ಡಾಕ್ಟರ ಬಳಿ ಹೋದ ಸಮಯ ಸಾಧಿಸಿ, ಯಜಮಾನರು ಬೆಕ್ಕಿನ ಹೆಜ್ಜೆ ಇಡುತ್ತಾ ಹೋಗಿ, ಆ ಮೂರು ಬಟ್ಟೆ ಚೀಲಗಳನ್ನು ಕಾರಿನ ಡಿಕ್ಕಿಗೆ ಸೇರಿಸಿದರು. ತಮ್ಮದೇ ಕಂಪನಿಯ ಬಾಗಿಲಲ್ಲಿ ಆಚೀಚೆ ನೋಡಿ ಓಡುವ ಯೋಗ ಎಲ್ಲ ಯಜಮಾನರಿಗೂ ಬರುವುದಿಲ್ಲ.

ಭಾನುವಾರ ಬೆಳಗ್ಗೆ ಮನೆಯ ಹಾಲ್‌ನ ನೆಲದ ಮೇಲೆ ಹಾಸು ಹಾಸಿ, ಚಕ್ಕಳಮಕ್ಕಳ ಹಾಕಿ, ಬಿಳಿ ಗುಂಡಿಗಳನ್ನು ಅಡಿಗೆಮನೆಯ ತಟ್ಟೆಗಳಲ್ಲಿ ಗುಡ್ಡೆ ಮಾಡುತ್ತಾ ಕೂತರು. ಉಳಿದೆರಡು ಚೀಲಗಳು ಬಾಯಿ ಬಿಚ್ಚಿಕೊಂಡು ಊಟದ ಮೇಜಿನ ಮೇಲೆ ಸರದಿ ಕಾಯುತ್ತಿದ್ದವು.

"ಇದೇನ್ರೀ ಇದು? ಪಲ್ಯದ ತಟ್ಟೆ ಎಲ್ಲಾ ಇಲ್ಲಿ ತಂದಿದೀರಾ?"

"ತಪಾಸಣೆ. ಮಾತಾಡಿಸ್ಬೇಡ. ಎರಡು ಸಾವಿರದ ಎಂಟ್ನೂರ ಅರವತ್ತೇಳು... ಅರವತ್ತೆಂಟು..."

"ನಲ್ಲಿ ರಿಪೇರಿಯವನು ಎಷ್ಟು ಗಂಟೆಗೆ ಬರ್ತೀನಂದ?"

"ಹನ್ನೊಂದು... ಹನ್ನೆರಡು... ಹದಿಮೂರು... ಅಯ್ಯೋ ನಿನ್ನ! ಎಲ್ಲಿದ್ದೆ ನಾನು?"

"ಇಲ್ಲೇ ಇದ್ರಲ್ಲ, ನೆಲದ ಮೇಲೆ."

ಮೊದಲಿನಿಂದ ಎಣಿಸಿದರು. ಮೂರನೆಯ ಸಲವೂ ಮೊದಲಿನಿಂದ ಎಣಿಸಿದರು. ಎರಡೂವರೆ ಗಂಟೆ ಕಳೆದಿತ್ತು. ಆಗ ಮೇಜಿನ ಮೇಲಿದ್ದ ಫೋನ್ ಬಡಿದುಕೊಂಡಿತು. ಯಜಮಾನರು ಎದ್ದರು, ಅಂದರೆ ಸೊಂಟದವರೆಗಿನ ಭಾಗ ಎದ್ದಿತು. ಎರಡೂ ಕಾಲುಗಳಿಗೆ ಜೋಮು ಹಿಡಿದಿತ್ತು. ಆಸರೆಗೆಂದು ಅವರು ಹಿಡಿದದ್ದು ಮೇಜಿನ ಅಂಚನ್ನಲ್ಲ, ಮೇಜಿನ ಬಟ್ಟೆಯನ್ನು!

ಆಮೇಲೆ ನಡೆದದ್ದನ್ನು ಆಲಿಕಲ್ಲಿನ ಮಳೆ ಎನ್ನಬಹುದು, ಆದರೆ ಆಲಿಕಲ್ಲು ಕರಗುತ್ತದೆ. ಕಂದು ಕೋಟು, ಮಕ್ಕಳ ಫ್ರಾಕು, ಬಿಳಿ ಅಂಗಿ ಎಲ್ಲವೂ ಒಂದಾಗಿ ಸೋಫಾದ ಕೆಳಗೆ, ಚಪ್ಪಲಿಗಳೊಳಗೆ, ಬಚ್ಚಲ ಕಡೆಗೆ ಉರುಳುತ್ತಾ ಹೋದವು. ಇಪ್ಪತ್ತು ಸಾವಿರ ಗುಂಡಿಗಳ ನಡುವೆ ಯಜಮಾನರು ಅಂಗಾತ ಬಿದ್ದಿದ್ದರು. ಗುಂಡಿಗೆ ಬೀಳುವುದು ಎಂದರೆ ಇದೇ ಎಂಬಂತೆ.

ಫೋನ್ ಎತ್ತಿದ ಹೆಂಡತಿ ಕೊನೆಯವರೆಗೂ ಕೇಳಿಸಿಕೊಂಡಳು. "ಆಯ್ತು ಅಣ್ಣ, ಬಾ" ಎಂದಷ್ಟೇ ಹೇಳಿ ಇಟ್ಟಳು. ಅವಳ ಮುಖ ಬೇರೆಯಾಗಿತ್ತು.

"ಬೀಗಕ್ಕೆ ಎಣ್ಣೆ ಬಿಡೋಣ ಅಂತ ಗೋದಾಮಿಗೆ ಹೋಗಿದ್ನಂತೆ. ಮೂರು ಚೀಲ ಇಲ್ವಂತೆ. ಬಾಗಿಲಲ್ಲಿ ನಿಂತಾಗಲೇ ಗೊತ್ತಾಯ್ತಂತೆ. ಅವನ ಧ್ವನಿ ನಡುಗ್ತಾ ಇತ್ತು ರೀ. ನಿಮ್ಮ ಹತ್ರ ಮಾತಾಡ್ಬೇಕು ಅಂತ ಬರ್ತಿದಾನೆ." ಅವಳು ನೆಲ ನೋಡಿದಳು, ಗಂಡನನ್ನು ನೋಡಿದಳು. "ನೀವು ನಮ್ಮಣ್ಣನ್ನ ಪರೀಕ್ಷೆ ಮಾಡ್ತಿದ್ರಾ?"

"ಛೆ ಛೆ! ಅವರ ಮೇಲೆ ನಂಗೆ ಯಾವ ಅನುಮಾನಾನೂ ಇಲ್ಲ. ನಾನು ಪರೀಕ್ಷೆ ಮಾಡ್ತಿದ್ದದ್ದು ಸಾಫ್ಟ್‌ವೇರನ್ನ!"

"ಹಾಗಿದ್ರೆ ಅವನಿಂದ ಯಾಕೆ ಮುಚ್ಚಿಟ್ರಿ?"

ಯಜಮಾನರು ಮೊಣಕಾಲಿನ ಮೇಲೆ ತೆವಳುತ್ತಾ, ಬಾಚಿದಷ್ಟನ್ನು ಬಾಚಿ ಚೀಲಕ್ಕೆ ತುಂಬತೊಡಗಿದರು. ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಿತ್ತು. ಎರಡೂ ಸಾಫ್ಟ್‌ವೇರ್‌ಗಳು ಒಕ್ಕೊರಲಿನಿಂದ ಸಾರುತ್ತಿದ್ದವು: ಮೂರೂ ಚೀಲ ಗೋದಾಮಿನಲ್ಲಿ ಭದ್ರ! ಕಾಣೆಯಾದದ್ದು ಗೊತ್ತಾಗಿದ್ದು ಈ ಲೋಕದಲ್ಲಿ ಒಬ್ಬರಿಗೇ. ಅವರು ಈಗ ಮೆಟ್ಟಿಲು ಹತ್ತುತ್ತಿದ್ದರು.

ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ. ಬಾಗಿಲಲ್ಲೇ ನಿಂತು, ನೆಲ ನೋಡದೆ, ಕಲಿತು ಬಂದದ್ದನ್ನು ಒಪ್ಪಿಸುವವರಂತೆ ಶುರು ಮಾಡಿದರು.

"ಯಜಮಾನ್ರೇ, ಇದು ನನ್ನ ರಾಜೀನಾಮೆ. ಮೂರು ಚೀಲ ಹೋಗಿದೆ. ನನ್ನ ಜವಾಬ್ದಾರಿ. ಇನ್ನು ನನ್ನ ಕೈಲಿ..."

ಕಾಲಿನ ಕೆಳಗೆ ಏನೋ ಚುಚ್ಚಿತು. ಬಗ್ಗಿ ಎತ್ತಿದರು. ನಾಲ್ಕು ತೂತಿನ ಬಿಳಿ ಗುಂಡಿ. ಆಮೇಲೆ ಹಾಲ್‌ನ ಉದ್ದಗಲಕ್ಕೂ ಅವರ ಕಣ್ಣು ಓಡಿತು. ಯಜಮಾನರು ಬೈಗುಳಕ್ಕೆ ತಲೆ ಒಡ್ಡಿ, ಚೀಲದ ಬಾಯಿ ಹಿಡಿದು ಕೂತರು.

ಭಾವ ಬೈಯಲಿಲ್ಲ. ಗೋಡೆಗೆ ಒರಗಿ ನಿಧಾನವಾಗಿ ಕೆಳಗೆ ಕೂತು, "ಸದ್ಯ!" ಎಂದರು. "ಸದ್ಯ, ಬದುಕಿದೆ."

"ಕ್ಷಮಿಸಿ ಭಾವ, ಕದ್ದವನು ನಾನೇ."

"ಕದಿಯೋದು ಹಾಗಿರ್ಲಿ ಯಜಮಾನ್ರೇ. ನಾನೇ ಯಾರಿಗೋ ಕೊಟ್ಟು ಮರೆತ್ನೇನೋ ಅಂದ್ಕೊಂಡಿದ್ದೆ." ಅವರು ಜೇಬಿನಿಂದ ಬೆರಳುದ್ದದ ಪುಸ್ತಕ ತೆಗೆದರು. ಅಂಚು ಸವೆದು ಮೆತ್ತಗಾಗಿತ್ತು. "ಒಂದು ವರ್ಷದಿಂದ ಹೀಗೇ. ಈಗೀಗ ಮರೆವು. ಕಪಾಟಿನ ಹಿಂದೆ ಹೋಗ್ತೀನಲ್ಲ, ಇದನ್ನ ನೋಡ್ಕೊಂಡು ಬರೋಕೆ. ಆಮೇಲೆ ನಿಮ್ಮೆದುರು ಕಣ್ಣು ಮುಚ್ಚೋದು ಸುಮ್ನೆ ಶೋಕಿಗೆ."

"ನಂಗೆ ಒಂದ್ಮಾತು ಹೇಳಬಾರದಿತ್ತಾ ಅಣ್ಣ?" ಎಂದಳು ತಂಗಿ.

"ಹೇಳೋದು ಹೇಗೆ? ಲೆಕ್ಕ ಮರೆತವನನ್ನ ಯಾರು ಲೆಕ್ಕಕ್ಕೆ ಇಡ್ತಾರೆ?"

ಒಬ್ಬರ ಮನಸ್ಸಿಗೆ ನೋವಾದೀತೆಂದು ಒಬ್ಬರು, ತಮ್ಮ ಮಾನ ಹೋದೀತೆಂದು ಇನ್ನೊಬ್ಬರು, ಒಂದೇ ಗೋಡೆಯ ಆಚೀಚೆ ಕೂತು ಮುಚ್ಚಿಟ್ಟದ್ದು ಒಂದೇ ವಿಷಯ. ಖರೀದಿ, ಮಾರಾಟ, ಗೋದಾಮು, ಸಂಬಳ ಎಲ್ಲವನ್ನೂ ಒಂದೇ ಕಡೆ ತರುವ ಸಾಫ್ಟ್‌ವೇರ್ ಹುಡುಕಿ ಹೊರಟ ಯಜಮಾನರು, ಒಂದು ಪ್ರಶ್ನೆಯನ್ನು ಮೂವತ್ತು ಹೆಜ್ಜೆ ಆಚೆಯ ಗೋದಾಮಿಗೆ ಒಯ್ದಿರಲಿಲ್ಲ. ಅವರು ರಾಜೀನಾಮೆಯ ಕಾಗದವನ್ನು ಭಾವನ ಕೈಯಿಂದ ಬಿಡಿಸಿಕೊಂಡು, ಕಂದು ಗುಂಡಿಗಳನ್ನು ಸುರಿಯಲು ಅದನ್ನೇ ಹಾಸಿದರು.

ಮೂವರೂ ಕೂತು ಬೇರ್ಪಡಿಸಿದರು. ಮಧ್ಯಾಹ್ನದ ಊಟಕ್ಕೆ ತಟ್ಟೆ ಖಾಲಿಯಿಲ್ಲದೆ ಲೋಟದಲ್ಲೇ ಅನ್ನ ಕಲಸಿ ತಿಂದರು. ಅಡಿಗೆಮನೆಯ ತಕ್ಕಡಿಯಲ್ಲಿ ಭಾವ ಬಿಳಿ ಗುಂಡಿ ತೂಗಿದರು. ಐವತ್ತೆರಡು ಗ್ರೋಸಿಗೆ ಹನ್ನೊಂದು ಗುಂಡಿ ಕಡಿಮೆ. ಆ ಹನ್ನೊಂದು ಸೋಫಾದ ಹೊಟ್ಟೆಯೊಳಗಿದ್ದವು.

"ಈಗ ತೋರ್ಸಿ, ಆ ಎರಡು ಯಂತ್ರಾನೂ" ಎಂದರು ಭಾವ.

ಯಜಮಾನರು ಬಣ್ಣದ ಕಂಬಗಳನ್ನು ಎಬ್ಬಿಸಿದರು, ಚಕ್ರಗಳನ್ನು ತಿರುಗಿಸಿದರು. ಭಾವ ಕೇಳಿದ್ದು ಒಂದೇ ಪ್ರಶ್ನೆ: "ಅರವತ್ತೊಂದು ಅಂತಿದೆಯಲ್ಲ, ಎಲ್ಲಿ ತಪ್ಪಿದ್ರಿ?"

"ಒಂಬತ್ತು ಗ್ರೋಸ್ ಹೋದದ್ದನ್ನ ಬೇರೆ ಹೆಸರಿಗೆ ಬರೆದಿದ್ದೆ. ಅಳಿಸಿದೆ. ಮತ್ತೆ ಬರೀಲಿಲ್ಲ ಅನ್ಸುತ್ತೆ. ಈಗ ಅದು ಕಾಣಲ್ಲ."

ಭಾವ ಬೂದು ಪರದೆಯತ್ತ ತಿರುಗಿದರು. ಅಲ್ಲಿ ಯಜಮಾನರ ಹದಿನೈದು ದಿನದ ಪ್ರತಾಪವೆಲ್ಲ ಗೆರೆ ಹೊಡೆಸಿಕೊಂಡು ಸಾಲಾಗಿ ನಿಂತಿತ್ತು. ಭಾವನ ಬೆರಳು ಮೆಲ್ಲಗೆ ಇಳಿದು ಒಂದು ಕಡೆ ನಿಂತಿತು. "ಇಗೋ. ಐದು ಗ್ರೋಸ್ ಹೋದದ್ದು, ಒಂದೇ ಚೀಟಿ, ಎರಡು ಸಲ ಬರೆದಿದೀರಿ. ನಲವತ್ತೇಳಕ್ಕೆ ಐದು ಸೇರಿಸಿ."

ಐವತ್ತೆರಡು!

"ಇದೇ ಇರ್ಲಿ" ಎಂದರು ಭಾವ. "ಮರೆಯೋನಿಗೆ ಮರೆಸೋ ಯಂತ್ರ ಯಾಕೆ? ಇದು ತಪ್ಪನ್ನ ಇಟ್ಕೊಂಡಿರುತ್ತೆ. ತಪ್ಪು ಸಿಕ್ರೆ ಸರಿ ಎಲ್ಲಿದೆ ಅಂತ ಗೊತ್ತಾಗುತ್ತೆ."

ಹದಿನೈದು ದಿನ ಮೂರು ಹೊತ್ತು ತಲೆ ಕೆಡಿಸಿಕೊಂಡ ಆಯ್ಕೆ ಎರಡು ನಿಮಿಷದಲ್ಲಿ ಮುಗಿಯಿತು.

ಸೋಮವಾರದಿಂದ ಬೂದು ಪರದೆಯ ಮುಂದೆ ಭಾವ ಕೂತರು. ಹೊಸ ಖಾತೆ ತೆರೆದು, ಒಂದೇ ಬೆರಳಿನಿಂದ ಅವರು ಬರೆದ ಮೊದಲ ಸಾಲು: ಚೀಲ ಮೂರು, ಒಯ್ದವರು ಯಜಮಾನರು, ಚೀಟಿ ಇಲ್ಲ. ಕಾರಣ? ಪಟ್ಟಿಯಲ್ಲಿದ್ದದ್ದು ನಾಲ್ಕೇ: ಮಾರಾಟ, ವಾಪಸಾತಿ, ಹಾಳು, ಕಳವು.

"ಮೊದಲ ಮೂರೂ ಅಲ್ಲ" ಎಂದರು ಭಾವ, ಕತ್ತು ಎತ್ತದೆ.

"ಈಗ ಸದ್ಯಕ್ಕೆ ಒತ್ತಿ ಭಾವ, ಆಮೇಲೆ ತೆಗೆದ್ರಾಯ್ತು" ಎಂದರು ಯಜಮಾನರು. ಹೇಳಿದ ಮೇಲೆ ನೆನಪಾಯಿತು. ಅಷ್ಟರಲ್ಲಿ "ಖಚಿತವೇ?" ಎಂದು ಕೇಳಿದ ಯಂತ್ರಕ್ಕೆ ಭಾವ "ಖಚಿತ" ಎಂದು ಒತ್ತಿ ಆಗಿತ್ತು.

ತಿಂಗಳು ಮುಗಿದ ದಿನ ದಪ್ಪ ಕನ್ನಡಕದ ಹೆಂಗಸು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. ಎಲ್ಲ ಸರಿಯಿದೆಯೇ ಎಂದು ನೋಡಲು ಪರದೆಯ ಮೇಲಕ್ಕೆ ಹೋದವರು ಗಾಬರಿಯಾದರು.

"ಅಯ್ಯೋ, ಶುರುವಿನ ಸಾಲಲ್ಲೇ ಕಳವಾಗಿದೆಯಲ್ಲ! ಕಳ್ಳ ಸಿಕ್ಕಿದ್ನಾ ಸಾರ್?"

ಯಜಮಾನರು ಸಹಿ ಹಾಕಲೆಂದು ಹಿಡಿದ ಪೆನ್ನನ್ನೇ ದಿಟ್ಟಿಸಿದರು. ಉತ್ತರ ಕೊಟ್ಟವರು ಭಾವ.

"ಸಿಕ್ಕಿದಾನೆ ತಾಯಿ. ಆದ್ರೆ ಕೆಲಸದಿಂದ ತೆಗೆಯೋಕಾಗ್ತಿಲ್ಲ. ಕಂಪನಿ ಅವನದೇ!"