ಅವರ ರಿಪೇರಿ, ನನ್ನ ಎದೆನಡುಕ

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ನನಗೆ ಭಯವಿಲ್ಲ. ರಿಪೇರಿಯಾದರೆ ಭಯ. ಇದು ಯಾವಾಗಲೋ ಒಂದು ಸಲ ಆಗುವ ಮಾತಲ್ಲ, ಭಾನುವಾರ ಬಂತೆಂದರೆ ಆಗುವುದು.

ನಮ್ಮ ಯಜಮಾನರಿಗೆ ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ. ವಾರದ ಆರು ದಿನ ಅವರಷ್ಟು ತಿಳಿದ ಮನುಷ್ಯ ಇನ್ನೊಬ್ಬರಿಲ್ಲ. ಏಳನೆಯ ದಿನ ಶಿವಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ತೂತು ಬನಿಯನ್ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬರುತ್ತಾರೆ. "ಮೆಕ್ಯಾನಿಕ್ಕು ಮಾಡೋದ್ನ ನಾನ್ ಮಾಡಕಾಗಲ್ವಾ?" ಅನ್ನುತ್ತಾರೆ. ಆಗ ನನ್ನ ಎದೆ ಢವಢವ ಶುರುವಾದರೆ ಸೋಮವಾರದವರೆಗೂ ನಿಲ್ಲುವುದಿಲ್ಲ.

ನಾನು ಹರದನಹಳ್ಳಿಯ ಶಾಲೆಯಲ್ಲಿ ಟೀಚರು. ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಈ ಮನೆಯಲ್ಲಿ ಅವರ ಕೈ ತಾಗದೆ ಉಳಿದಿದ್ದ ವಸ್ತು ಅದೊಂದೇ.

೧. ಮುದ್ದೆ ಕೋಲು

ಮೊದಲು ಗೀಸರ್ ಕೆಟ್ಟಿತು. ಯಜಮಾನರು ಅರ್ಧ ದಿನ ಬಚ್ಚಲಲ್ಲಿ ಕೂತು ಸರಿ ಮಾಡಿದರು. ನೀರು ಚೆನ್ನಾಗಿಯೇ ಕಾದಿತು. ಆದರೆ ನಲ್ಲಿ ಮುಟ್ಟಿದ ಕೂಡಲೇ ಮೊಣಕೈವರೆಗೂ ಜುಮ್ ಅಂತು.

"ಕರೆಂಟ್ ಹೊಡೀತದೆ ಕಣ್ರೀ!" ಅಂತ ಕಿರುಚಿದೆ.

"ವಸಿ ವಸಿ ಬತ್ತದೆ ಕಣೇ. ರಕ್ತ ಓಡಾಡ್ಲಿ ಬುಡು," ಅಂದರು.

ನಮ್ಮತ್ತೆ ಬುದ್ಧಿವಂತೆ. ಅಡುಗೆಮನೆಯಿಂದ ಮುದ್ದೆ ತಿರುವುವ ಕೋಲು ತಂದು, ಅದರ ತುದಿಯಿಂದ ನಲ್ಲಿ ತಿರುಗಿಸಿ ಸ್ನಾನ ಮುಗಿಸಿದರು. ಅಂದಿನಿಂದ ಕೋಲು ಬಚ್ಚಲಲ್ಲೇ ಇತ್ತು. ನಾವು ಮೂವರೂ ರಬ್ಬರ್ ಚಪ್ಪಲಿ ಹಾಕಿಕೊಂಡು, ಶಿವನಾಮ ಹೇಳಿಕೊಂಡು ಸ್ನಾನ ಮಾಡಿದೆವು. ಮುದ್ದೆ ತಿರುವಲು ಕೋಲಿಲ್ಲದೆ ಒಂದು ವಾರ ಬರೀ ಅನ್ನ ಉಂಡೆವು.

ಕೊನೆಗೆ ನಾನು ಯಜಮಾನರಿಗೆ ಹೇಳದೆ ಲೈನ್‌ಮ್ಯಾನನ್ನು ಕರೆಸಿದೆ. ಅವನು ಗೀಸರಿನ ಮುಚ್ಚಳ ಬಿಚ್ಚಿ ಒಳಗೆ ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಬಂದ. ತಲೆಯ ಮೇಲಿದ್ದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಕೇಳಿದ.

"ಅಮ್ಮಾವ್ರೆ, ಈ ವೈರಿಂಗ್ ಮಾಡ್ದೋರು ಯಾವಾಗ ಓಗ್ಬುಟ್ರು?"

"ಎಲ್ಲೂ ಹೋಗಿಲ್ಲಪ್ಪ. ನಡುಮನೆಯಲ್ಲಿ ಊಟ ಮಾಡ್ತಿದ್ದಾರೆ," ಅಂದೆ.

೨. ದಾರಿ ಬಿಡುವ ಜನ

ನಮ್ಮ ಕಾರಿಗೆ ನಮ್ಮ ಮದುವೆಯಷ್ಟೇ ವಯಸ್ಸು, ಇಪ್ಪತ್ತೆರಡು. ಅದರ ಬ್ರೇಕ್ ಲೈಟು ಉರಿಯುತ್ತಿಲ್ಲ ಅಂತ ಒಂದು ಭಾನುವಾರ ಯಜಮಾನರು ಕಾರಿನ ಕೆಳಗೆ ತೂರಿದರು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಆ ಪಾದ ಅಲ್ಲಾಡುತ್ತಿದೆಯೋ ಇಲ್ಲವೋ ಅಂತ ನಾನು ಹತ್ತು ನಿಮಿಷಕ್ಕೊಮ್ಮೆ ಬಂದು ನೋಡಿ ಹೋದೆ.

ಸಂಜೆ ಎದ್ದು ಬಂದರು, ಬಹಳ ಖುಷಿಯಲ್ಲಿದ್ದರು. ಬರಿಗೈಲಿ ಬರಲಿಲ್ಲ. "ಬಟ್ಟೆ ಹರವಕ್ಕೆ ಹಗ್ಗ ಇಲ್ಲ ಅಂತ ಬೆಳಗ್ಗೆ ಅಂದ್ಯಲ್ಲ, ತಕ್ಕೋ," ಅಂತ ಹಿತ್ತಲಿನ ಎರಡು ಕಂಬಕ್ಕೆ ಒಂದು ಉಕ್ಕಿನ ತಂತಿ ಕಟ್ಟಿಕೊಟ್ಟರು. ಒದ್ದೆ ಕಂಬಳಿ ಹಾಕಿದರೂ ಜಗ್ಗಲಿಲ್ಲ. ಮದುವೆಯಾದ ಮೇಲೆ ಕೇಳಿದ್ದು ಕೇಳಿದ ದಿನವೇ ಸಿಕ್ಕಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಅದು ಎಲ್ಲಿಯದು ಅಂತ ಕೇಳುವುದು ಮರೆತೆ.

ಮಾರನೆಯ ದಿನ ಕಾರಿನಲ್ಲಿ ಪೇಟೆಗೆ ಹೊರಟೆವು. ಎದುರಿಗೆ ಒಬ್ಬ ಅಜ್ಜಿ ಅಡ್ಡ ಬಂದರು, ಯಜಮಾನರು ಬ್ರೇಕ್ ಒತ್ತಿದರು. ಕಾರು "ಪೋಂ" ಅಂತ ಒದರಿತು. ಅಜ್ಜಿ ತರಕಾರಿ ಚೀಲ ಬಿಟ್ಟು ಓಡಿದರು. ಮುಂದೆ ಹಸು ಬಂತು, ಬ್ರೇಕ್ ಒತ್ತಿದರು, ಮತ್ತೆ "ಪೋಂ". ಯಾವ ವೈರು ಯಾವುದಕ್ಕೆ ಕಟ್ಟಿದ್ದರೋ, ಬ್ರೇಕ್ ಒತ್ತಿದರೆ ಹಾರ್ನ್, ಹಾರ್ನ್ ಒತ್ತಿದರೆ ಹಿಂದೆ ಲೈಟು! ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಊರೆಲ್ಲ ತಿರುಗಿ ನಮ್ಮನ್ನೇ ನೋಡುತ್ತಿತ್ತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ.

"ಇದನ್ನ ಬಿಚ್ಚಿಸಿ ಹಾಕ್ರೀ, ನಿಮ್ಮ ದಮ್ಮಯ್ಯ!"

"ಯಾಕ್ ಬಿಚ್ಬೇಕು? ಎಂಗೆ ದಾರಿ ಬುಡ್ತಾವ್ರೆ ನೋಡು! ಮೊದ್ಲು ಯಾರಾದ್ರೂ ಬುಡ್ತಿದ್ರಾ?"

೩. ಪಂದ್ಯ

ಆಮೇಲೆ ರೇಡಿಯೇಟರ್ ಸೋರಲು ಶುರುವಾಯಿತು. ಗ್ಯಾರೇಜಿಗೆ ಬಿಡಿ ಅಂದೆ. ಅವರು ಅಂಗಡಿಯಿಂದ ಅರಿಶಿನದ ಪುಡಿ ತಂದು ರೇಡಿಯೇಟರಿಗೆ ಸುರಿದರು. ಲಾರಿಯವರು ದಾರಿಯಲ್ಲಿ ಮೆಕ್ಯಾನಿಕ್ ಸಿಗದಿದ್ದಾಗ ಒಂದೆರಡು ಚಮಚ ಹಾಕುತ್ತಾರಂತೆ, ತೂತು ಕಟ್ಟಿಕೊಳ್ಳುತ್ತದಂತೆ. ನಮ್ಮವರಿಗೆ ಅರಿಶಿನ ಚಮಚದಲ್ಲಿ ಅಳೆದು ಅಭ್ಯಾಸವಿಲ್ಲ. ಅರ್ಧ ಕೇಜಿ ಹಾಕಿದರು. ಸೋರುವುದು ನಿಂತಿತು ನಿಜ, ಕಾರು ಹತ್ತಿದರೆ ಮಾತ್ರ ಹುಳಿ ಕುದಿಯುವ ವಾಸನೆ ಬರುತ್ತಿತ್ತು.

ನನಗೆ ಸಾಕಾಗಿ ಹೋಯಿತು. ಈ ಕಾರು ಒಂದಲ್ಲ ಒಂದು ದಿನ ನಮ್ಮನ್ನು ತಿಂದುಹಾಕುತ್ತೆ ಅನ್ನುವ ಭಯದಲ್ಲಿ ರಾತ್ರಿ ನಿದ್ದೆಯೇ ಇಲ್ಲ. ಅತ್ತೆಯ ಮುಂದೆ ಕೂತು, "ಇದನ್ನ ಮಾರಿಸಿ, ಇಲ್ಲಾ ನನ್ನ ತವರಿಗೆ ಕಳಿಸಿ," ಅಂತ ಕಣ್ಣೀರು ಹಾಕಿದೆ.

ಅತ್ತೆ ಅಡಕೆ ಕತ್ತರಿಸುತ್ತ ತೀರ್ಪು ಕೊಟ್ಟರು. "ಸನಿವಾರ ಮೂರ್ ಜನೂವೆ ಗೋಪಾಲಸ್ವಾಮಿ ಬೆಟ್ಟಕ್ಕೆ ಓಗಿ ಬರನ. ಕಾರು ದಾರೀಲಿ ಕೆಟ್ರೆ ಇವ್ನು ಮಾರ್ಬುಡ್ಲಿ. ಕೆಡ್ದೆ ಬಂದ್ರೆ ನೀನು ಬಾಯ್ ಮುಚ್ಕಂಡಿರು ಕಣವ್ವ."

ಶನಿವಾರ ಗುಂಡ್ಲುಪೇಟೆ ದಾಟಿದೆವು, ಹಂಗಳ ದಾಟಿದೆವು, ಬೆಟ್ಟದ ಬುಡವನ್ನೂ ಮುಟ್ಟಿದೆವು. ದರಿದ್ರ ಕಾರು ಕೆಡಲಿಲ್ಲ! ಮೇಲಕ್ಕೆ ಸ್ವಂತ ಗಾಡಿ ಬಿಡುವುದಿಲ್ಲವಾದ್ದರಿಂದ ಅದನ್ನು ಕೆಳಗೆ ನಿಲ್ಲಿಸಿ ಬಸ್ಸಿನಲ್ಲಿ ಬೆಟ್ಟ ಹತ್ತಿದೆವು. ದೇವರ ಮುಂದೆ ನಿಂತು ಕಣ್ಣು ಮುಚ್ಚಿ ಬೇಡಿಕೊಂಡೆ. "ಸ್ವಾಮಿ, ಹೋಗುವಾಗ ಕಾರು ಕೆಡಲಿ. ಆದರೆ ಯಾವುದಾದರೂ ಗ್ಯಾರೇಜಿನ ಮುಂದೆಯೇ ಕೆಡಲಿ."

ದೇವರು ನನ್ನ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡ.

೪. ಗಣಪ್ಪ

ಬೆಟ್ಟ ಇಳಿದು ಕಾರು ಹತ್ತಿ ಹೊರಟು ಸ್ವಲ್ಪ ದೂರ ಬಂದಿದ್ದೆವು. ರಸ್ತೆ ಸಣ್ಣಗೆ ಇಳಿಜಾರು, ಎರಡು ಕಡೆಯೂ ಲಂಟಾನ ಪೊದೆ. ತಿರುವು ತಿರುಗಿದರೆ ರಸ್ತೆಯ ನಟ್ಟನಡುವೆ ಆನೆ. ಒಂಟಿ ಸಲಗ. ಇಷ್ಟುದ್ದ ಕೊಂಬು.

ನಾನು ಎರಡು ಕೈಯಲ್ಲೂ ಸೀಟನ್ನು ಹಿಡಿದುಕೊಂಡೆ.

"ನಿಲ್ಸ್ರೀ!" ಅಂದೆ.

ಯಜಮಾನರು ಕಾಲನ್ನು ಬ್ರೇಕಿನವರೆಗೆ ಒಯ್ದು ತಟ್ಟನೆ ಹಿಂದಕ್ಕೆಳೆದುಕೊಂಡರು. "ಬ್ರೇಕ್ ಒತ್ತುದ್ರೆ ಹಾರ್ನ್ ಬಡ್ಕತದೆ ಕಣೇ!"

ಆಗ ನನಗೆ ಅರ್ಥವಾಯಿತು. ಒತ್ತಿದರೆ ಆನೆ ನಮ್ಮ ಮೇಲೆ ಬರುತ್ತದೆ, ಒತ್ತದಿದ್ದರೆ ನಾವೇ ಆನೆಯ ಮೇಲೆ ಹೋಗುತ್ತೇವೆ. ಕಾರು ತೆವಳುತ್ತ ಮುಂದಕ್ಕೆ ಹೋಗುತ್ತಲೇ ಇತ್ತು. ಆನೆ ಕಿವಿ ಅಗಲಿಸಿತು.

"ಹ್ಯಾಂಡ್‌ಬ್ರೇಕ್! ಹ್ಯಾಂಡ್‌ಬ್ರೇಕ್ ಎಳೀರಿ!"

ಅವರು ಎಳೆಯಲಿಲ್ಲ. ನಾನೇ ಎಳೆದೆ. ಅದು ಏನೂ ತೂಕವಿಲ್ಲದೆ ಸುಮ್ಮನೆ ಮೇಲೆದ್ದು ಬಂತು.

ಯಜಮಾನರು ಆನೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದರು. "ಅದ್ರ ಕೇಬಲ್ ಮ್ಯಾಲೆ ನಿನ್ ಸೀರೆ ಒಣಗ್ತಾ ಅದೆ."

ಬೇರೆ ಹೊತ್ತಾಗಿದ್ದರೆ ನಾನೇ ಅವರನ್ನು ಮುಗಿಸುತ್ತಿದ್ದೆ, ಆನೆ ಬೇಕಿರಲಿಲ್ಲ. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡು, "ಒತ್ಲಾ ಬ್ಯಾಡ್ವಾ, ನೀನೇ ಹೇಳು," ಅಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಸಲಹೆ ಕೇಳಿದ್ದು ಅವತ್ತೇ.

ಹದಿನೈದು ಮಾರು ಉಳಿದಿತ್ತೋ ಏನೋ. ಬಾನೆಟ್ಟಿನೊಳಗೆ "ಬುಸ್ಸ್" ಅಂತು. ಕಾರು ಎರಡು ಸಲ ಕುಲುಕಿ ತಾನಾಗಿಯೇ ನಿಂತುಹೋಯಿತು. ಬಾನೆಟ್ಟಿನ ಸಂದಿಯಿಂದ ದಟ್ಟವಾಗಿ ಹಳದಿ ಹಬೆ ಎದ್ದಿತು, ಗಾಜೆಲ್ಲ ಹಳದಿಯಾಯಿತು. ಆನೆ ಕಾಣಲೇ ಇಲ್ಲ. ಕಾಣುವ ಆನೆಗಿಂತ ಕಾಣದ ಆನೆಯೇ ಹೆಚ್ಚು ಭಯ ಅಂತ ಅವತ್ತು ಗೊತ್ತಾಯಿತು.

ಹಿಂದಿನ ಸೀಟಿನಲ್ಲಿ ಅತ್ತೆ ಕೈಮುಗಿದು ಶುರು ಮಾಡಿದರು. "ಗಣಪ್ಪಾ, ಅರಿಸ್ನ ಒಪ್ಸಿವ್ನಿ. ಅದ್ನ ತಕ್ಕಂಡು ದಾರಿ ಬುಡಪ್ಪಾ ನಮ್ಮಪ್ಪಾ..."

ಹಬೆ ತೆಳುವಾದಾಗ ನೋಡಿದರೆ ಆನೆ ಸೊಂಡಿಲೆತ್ತಿ ಮೂಸುತ್ತಿತ್ತು. ಒಂದು ಸಲ ಜೋರಾಗಿ ಸೀನಿ, ತಲೆ ಕೊಡವಿ, ಪೊದೆಯೊಳಗೆ ನುಗ್ಗಿ ಹೋಯಿತು.

ನನಗೆ ಮೊದಲು ಅಳು ಬಂತು. ಆಮೇಲೆ ಪಂದ್ಯ ನೆನಪಾಯಿತು. "ಅತ್ತೆ, ಕಾರು ಕೆಟ್ಟಿತು! ಮಾರಿಸಿ!"

ಅತ್ತೆ ಕೆಳಗಿಳಿದು ತಮ್ಮ ಹಣೆಯ ವಿಭೂತಿಯನ್ನೇ ಬೆರಳಲ್ಲಿ ತೆಗೆದು ಬಾನೆಟ್ಟಿಗೆ ಮೂರು ಗೆರೆ ಎಳೆದರು. "ಕೆಡ್ಲಿಲ್ಲ ಕಣವ್ವ. ನಮ್ ಜೀವ ಉಳ್ಸಕ್ಕೆ ನಿಂತ್ಕತು."

ಹಂಗಳದ ಕಡೆಯ ಒಬ್ಬ ರೈತ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಮ್ಮನ್ನು ಗುಂಡ್ಲುಪೇಟೆಯವರೆಗೆ ಎಳೆದುಕೊಂಡು ಹೋದ. ಟ್ರ್ಯಾಕ್ಟರ್ ನಿಧಾನವಾದಾಗೆಲ್ಲ ಯಜಮಾನರು ಬ್ರೇಕ್ ಒತ್ತಲೇಬೇಕು, ಕಾರು "ಪೋಂ" ಅನ್ನಲೇಬೇಕು. ನಾಲ್ಕನೆಯ ಸಲಕ್ಕೆ ಅವನು ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದ.

"ಏನಣ್ಣೋ, ಎಳ್ಕಂಡ್ ಓಯ್ತಾ ಇರೋನು ನಾನು. ನನ್ನೇ ಓವರ್‌ಟೇಕ್ ಮಾಡ್ಬೇಕಾ ನೀನು?"

೫. ಹೊಸ ತಂತಿ

ಗುಂಡ್ಲುಪೇಟೆಯಿಂದ ಕಾರನ್ನು ಒಂದು ಲಾರಿಗೆ ಕಟ್ಟಿಸಿಕೊಂಡು ರಾತ್ರಿ ಮನೆ ಸೇರಿದೆವು. ಮಾರನೆಯ ದಿನ ಭಾನುವಾರ. ಬೆಳಿಗ್ಗೆಯೇ ಹಿತ್ತಲಿಗೆ ಹೋಗಿ ಆ ಕೇಬಲ್ ಬಿಚ್ಚಿ ಯಜಮಾನರ ಕೈಗಿಟ್ಟೆ. "ನನಗೆ ಬಟ್ಟೆ ಒಣಗದಿದ್ದರೂ ಪರವಾಗಿಲ್ಲ. ಮೊದಲು ಇದನ್ನ ಕಾರಿಗೆ ಹಾಕಿಸಿ. ಹಾರ್ನೂ ಸರಿಯಾಗಬೇಕು. ಎರಡನ್ನೂ ಮೆಕ್ಯಾನಿಕ್ ಕೈಲಿ ಮಾಡಿಸಬೇಕು."

ಅವರು ಕಾರನ್ನು ತಳ್ಳಿಸಿಕೊಂಡು ನೇರವಾಗಿ ಗ್ಯಾರೇಜಿಗೆ ಹೋದರು. ಆನೆ ಬುದ್ಧಿ ಕಲಿಸಿತಲ್ಲ ಅಂತ ನಾನು ಗೋಪಾಲಸ್ವಾಮಿಗೆ ಇನ್ನೊಂದು ಸಲ ಕೈಮುಗಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಭಾನುವಾರ ಮಧ್ಯಾಹ್ನ ಕಣ್ತುಂಬ ಮಲಗಿದೆ.

ಸಂಜೆ ಎದ್ದು ಹಿತ್ತಲಿಗೆ ಹೋದರೆ ಎರಡು ಕಂಬದ ನಡುವೆ ಹೊಸ ತಂತಿ. ಬಿಗಿಯಾಗಿತ್ತು, ಉಕ್ಕಿನದು. ಅದರ ಮೇಲೆ ನನ್ನ ಸೀರೆಯನ್ನು ನೆರಿಗೆ ಸಮೇತ ಅಂದವಾಗಿ ಹರವಿದ್ದರು. ಈ ಸಲ ಕೇಳುವುದು ಮರೆಯಲಿಲ್ಲ.

"ಇದು ಎಲ್ಲಿಯದು?"

"ನಿನ್ ಸ್ಕೂಟ್ರಿಂದು," ಅಂದರು ಯಜಮಾನರು, ನನ್ನ ಮುಖ ನೋಡಿ ಗಾಬರಿಯಾಗಿ. "ಎದ್ರುಕೋಬ್ಯಾಡ ಕಣೇ! ಹಿಂದಿನ್ ಬ್ರೇಕಿಂದು ಮಾತ್ರ ತಗ್ದಿರೋದು. ಮುಂದಿಂದು ಅಂಗೇ ಅದೆ!"

ನಾನೀಗ ಹರದನಹಳ್ಳಿಗೆ ಬಸ್ಸಿನಲ್ಲಿ ಹೋಗುತ್ತೇನೆ. ನಿನ್ನೆ ಯಜಮಾನರು, ಆ ಬಸ್ಸಿನ ಬಾಗಿಲು ಯಾಕೋ ಸದ್ದು ಮಾಡುತ್ತೆ, ಭಾನುವಾರ ಒಂದು ಸಲ ನೋಡಲಾ ಅಂತ ಡ್ರೈವರನ್ನು ಕೇಳುತ್ತಿದ್ದರು.