ಅತ್ತೆಯ ಕೈಯಲ್ಲಿದ್ದ ಪುಸ್ತಕ

ಫಿಲಡೆಲ್ಫಿಯಾದ ಲೆಮ್ಯುಯಲ್ ಪಿಂಕ್ನಿಗೆ ಸೋದರತ್ತೆ ಝೆನೋಬಿಯಾ ಬಿಟ್ಟುಹೋದ ಆಸ್ತಿ ಒಂದೇ: ಗುಲಾಮನಾಗಿದ್ದ ಕಪ್ಪು ಕವಿಯೊಬ್ಬ ಇನ್ನೂರು ವರ್ಷಗಳ ಹಿಂದೆ ಅಚ್ಚು ಹಾಕಿಸಿದ ಕವನಸಂಕಲನದ ಮೊದಲ ಮುದ್ರಣ. ಅತ್ತೆಯ ಅಂತ್ಯಕ್ರಿಯೆ ಮುಗಿದ ಮೇಲೆ ಗ್ರಂಥಾಲಯದವರು ಬಂದು ಒಯ್ಯುವವರಿದ್ದರು. ಅಲ್ಲಿ ಅದಕ್ಕೆ ಗಾಜಿನ ಪೆಟ್ಟಿಗೆ, ಕೆಳಗೆ ಹಿತ್ತಾಳೆ ಫಲಕದಲ್ಲಿ ಪಿಂಕ್ನಿ ಎಂಬ ಹೆಸರು! ಆದರೆ ಅಂದು ಬೆಳಿಗ್ಗೆ ನೋಡಿದರೆ ಅತ್ತೆಯ ಕಪಾಟಿನಲ್ಲಿ ಅದರ ಜಾಗ ಖಾಲಿ.

ಚರ್ಚಿಗೆ ಓಡಿದ. ತೆರೆದ ಶವಪೆಟ್ಟಿಗೆಯಲ್ಲಿ ಅತ್ತೆ, ಬಸ್ಸಿಗೆ ಕಾದು ಸಾಕಾದವಳಂತೆ, ಮೂತಿ ಬಿಗಿದು ಮಲಗಿದ್ದಳು. ಕೈಯಲ್ಲಿ ನೇರಳೆ ಬಟ್ಟೆ ಹೊದಿಸಿದ ಪುಸ್ತಕ!

ಅತ್ತೆಗೆ ಉಡಿಸಲು ಮನೆಯ ಬೀಗದ ಕೈ ಪಡೆದಿದ್ದ ಅವಳ ಗೆಳತಿ ಅರ್ನೆಸ್ಟೀನಕ್ಕನದೇ ಈ ಕೆಲಸ.

"ಅಕ್ಕಾ, ಆ ಪುಸ್ತಕ..."

"ಶ್! ಪುಸ್ತಕ ಗಿಸ್ತಕ ಆಮೇಲೆ. ಪಾಸ್ಟರ್ ಶುರು ಮಾಡಿದ್ರು, ಬಾಯ್ಮುಚ್ಕೊಂಡು ಕೂತ್ಕೋ."

ಕೂರಲು ಹೋದರೆ ಅವನ ಜಾಗದಲ್ಲೂ ಒಂದು ನೇರಳೆ ಪುಸ್ತಕ. ಅತ್ತೆ ತನ್ನ ಪುಸ್ತಕಗಳಿಗೆಲ್ಲ ಒಂದೇ ಹಳೇ ಪರದೆ ಕತ್ತರಿಸಿ ಅಂಗಿ ಹೊಲಿದಿದ್ದಳು. 'ಇದು ಅವಳ ಹಾಡಿನ ಪುಸ್ತಕ. ಅದಲುಬದಲು ಮಾಡಿದರಾಯಿತು' ಎಂದುಕೊಂಡ.

ಕೊನೆಯ ದರ್ಶನದ ಸರದಿ ಬಂದಾಗ ಪೆಟ್ಟಿಗೆಯೊಳಕ್ಕೆ ಬಗ್ಗಿ ಎಳೆದ. ಅತ್ತೆ ಬದುಕಿದ್ದಾಗ ಪರ್ಸು ಹಿಡಿದಷ್ಟೇ ಬಿಗಿಯಾಗಿ ಹಿಡಿದಿದ್ದಳು. ಇನ್ನಷ್ಟು ಬಗ್ಗಿದ. ಒಂದು ಕಾಲು ಮೇಲೆದ್ದಿತು.

"ಅಯ್ಯೋ, ಇವ್ನೂ ಅತ್ತೆ ಜೊತೆ ಹೋಗ್ತಾನಂತೆ! ಹಿಡೀರೇ!"

ಅಳುವವರನ್ನು ಸಂತೈಸಲೆಂದೇ ನಿಂತಿದ್ದ, ಬಿಳಿ ಉಡುಪು, ಬಿಳಿ ಕೈಗವಸಿನ ಚರ್ಚಿನ ಸ್ವಯಂಸೇವಕಿಯರು ಕೊಕ್ಕರೆಗಳ ಹಿಂಡಿನಂತೆ ಮುಗಿಬಿದ್ದರು. ಒಬ್ಬಳು ಸೊಂಟ ಹಿಡಿದಳು, ಇನ್ನೊಬ್ಬಳು ಬೀಸಣಿಗೆ ಬೀಸಿದಳು.

"ಅಳು ಮಗಾ, ಅತ್ತುಬಿಡು!"

"ನಾನು ಅಳ್ತಿಲ್ಲ ಕಣ್ರೀ! ಬಿಡ್ರೀ!"

"ಪಾಪ, ದುಃಖ ತಲೆಗೇರಿದೆ!"

"ಆಮೆನ್!" ಎಂದಿತು ಸಭೆ. ಅವನು ಕಿರುಚಿದಾಗಲೆಲ್ಲ ಆರ್ಗನ್ ನುಡಿಸುವವನು ಶ್ರುತಿ ಸೇರಿಸಿದ. ಕೊನೆಗೆ ನಾಲ್ವರು ಎಳೆದು ಹಾಕುವಷ್ಟರಲ್ಲಿ ಪುಸ್ತಕ ಕೋಟಿನೊಳಗಿತ್ತು, ಜಾಗದಲ್ಲಿ ಸಿಕ್ಕಿದ್ದು ಅತ್ತೆಯ ಕೈಯಲ್ಲಿತ್ತು.

ಹೂಳಿದ್ದಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಗ್ರಂಥಾಲಯದ ಹೆಂಗಸು ಬಂದಳು. ಲೆಮ್ಯುಯಲ್ ಗತ್ತಿನಿಂದ ಪುಸ್ತಕ ತೆರೆದ. ಪುಟ ತುಂಬ ಚರ್ಚಿನ ಹಾಡುಗಳು!

"ಇದ್ಯಾಕೋ ಇಲ್ಲಿದೆ?" ಅರ್ನೆಸ್ಟೀನಕ್ಕ ಕಣ್ಣರಳಿಸಿದಳು. "ಹಾಡಿನ ಪುಸ್ತಕ ಕೈಲಿರ್ಲಿ ಅಂತ ಅವ್ಳೇ ಹೇಳಿದ್ಲು, ಇಟ್ಟಿದ್ದೆ. ಖಾಲಿ ಮನೇಲಿ ಕಳ್ಳರು ಕದ್ದಾರು ಅಂತ ನಿನ್ನ ಕವಿತೆ ಪುಸ್ತಕ ತಂದು ನಿನ್ನ ಜಾಗದಲ್ಲೇ ಇಟ್ಟಿದ್ನಲ್ಲೋ!"

ಲೆಮ್ಯುಯಲ್ ಈಗ ನಿಜವಾಗಿ ಬೋರೆಂದು ಅತ್ತ. ಒಂದು ಬೀಸಣಿಗೆಯೂ ಅಲುಗಲಿಲ್ಲ.

"ಸಾಕು ಸುಮ್ನಿರೋ, ಮೇಲೆ ಬೇಕಾದಷ್ಟು ಅತ್ತಿದ್ದೀಯ," ಎಂದಳು ಅರ್ನೆಸ್ಟೀನಕ್ಕ. "ತಿನ್ನು, ಕೋಳಿ ಆರ್ತಾ ಇದೆ."