ಗೆರೆಯಿಲ್ಲದ ಬಚ್ಚಲುಮನೆ

ಮನೆಗೆ ಬಂದವರನ್ನು ಕೂರಿಸಿ ಕಾಫಿ ಕೊಡುವ ಮೊದಲೇ ಬಚ್ಚಲುಮನೆಗೆ ಕರೆದುಕೊಂಡು ಹೋಗುವ ಗೃಹಿಣಿ ಇಡೀ ಬನಶಂಕರಿಗೆ ಒಬ್ಬಳೇ ಇರಬೇಕು. ಅವಳು ನಮ್ಮ ಚಿಕ್ಕಮ್ಮ! "ಗೋಡೆ ಮುಟ್ಟಿ ನೋಡಿ, ಎಲ್ಲಾದ್ರೂ ಒಂದು ಗೆರೆ ಸಿಗುತ್ತಾ ಹೇಳಿ!" ಎನ್ನುತ್ತಾಳೆ. ಮದುವೆಗೆ ಕರೆಯಲು ಬಂದವರು ಕೂಡ ಗೋಡೆಯನ್ನೆಲ್ಲ ಸವರಿ, "ಇಲ್ಲ ಬಿಡಿ, ಗೆರೆಯೇ ಇಲ್ಲ" ಎಂದು ಒಪ್ಪಿಕೊಂಡ ಮೇಲೆಯೇ ಅವರಿಗೆ ಕಾಫಿ.

ಗೆರೆಗಳ ಮೇಲೆ ಅವಳಿಗೆ ಹಳೆಯ ಹಗೆ. ಗೆರೆ ಎಂದರೆ ಟೈಲ್ಸುಗಳ ನಡುವಿನ ಸಂದಿ. ಅಲ್ಲಿ ಕೊಳೆ ಕೂರುತ್ತದೆ, ಪಾಚಿ ಕಟ್ಟುತ್ತದೆ. ಅದನ್ನು ಉಜ್ಜುವುದಕ್ಕೆಂದೇ ಚಿಕ್ಕಪ್ಪನ ಟೂತ್‌ಬ್ರಷ್ಷು ಹಳೆಯದಾಗುವ ಮೊದಲೇ ಬಚ್ಚಲಿಗೆ ವರ್ಗವಾಗುತ್ತಿತ್ತು. ಒಮ್ಮೆ ಅವರು ವರ್ಗವಾದ ಬ್ರಷ್ಷಿನಲ್ಲೇ ಹಲ್ಲುಜ್ಜಿ, "ಯಾಕೋ ಪೇಸ್ಟು ಇವತ್ತು ಸರಿಯಿಲ್ಲ" ಎಂದಿದ್ದರು, ಪಾಪ!

ಆದರೆ ಈ ಹಗೆ ಹಟವಾಗಿದ್ದು ಅಮ್ಮ ಬಿದ್ದ ಮೇಲೆ. ಚಿಕ್ಕಮ್ಮನಿಗೆ ಇರುವವಳು ಒಬ್ಬಳೇ ಅಕ್ಕ, ಅವಳೇ ನನ್ನಮ್ಮ. ಅಮ್ಮ ಬಿಳೇಕಹಳ್ಳಿಯಲ್ಲಿ ನನ್ನ ಜೊತೆ ಇದ್ದಾಳೆ. ದೀಪಾವಳಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬಕ್ಕೆ ಅವಳು ಬನಶಂಕರಿಗೆ ಹೋಗಲೇಬೇಕು. ಬೆಳಗ್ಗೆ ಅಕ್ಕ ತಂಗಿ ಒಬ್ಬರ ತಲೆಗೊಬ್ಬರು ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ, ಬೈದಾಡಿಕೊಂಡು ಎರೆಯಬೇಕು. ಲಂಗ ಉಡುತ್ತಿದ್ದ ಕಾಲದಿಂದ ನಡೆದುಬಂದ ಪದ್ಧತಿ. ಹೋದ ವರ್ಷದ ಹಿಂದಿನ ವರ್ಷ ಹಾಗೆ ಎರೆದುಕೊಂಡು ಏಳುವಾಗ ಅಮ್ಮ ಎಣ್ಣೆ ನೀರಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಭಯ ಹೋಗಲಿಲ್ಲ. ನಮ್ಮ ಮನೆಯ ಬಚ್ಚಲು ಬಿಟ್ಟು ಬೇರೆ ಯಾವ ಬಚ್ಚಲಿಗೂ ಅವಳು ಕಾಲಿಡಳು. ಹೋದ ವರ್ಷ ಹಬ್ಬಕ್ಕೆ ಬನಶಂಕರಿಗೆ ಹೋಗಲೇ ಇಲ್ಲ. ಚಿಕ್ಕಮ್ಮ ಆ ಸಲ ತಲೆಗೆ ಎಣ್ಣೆ ಮುಟ್ಟಿಸಲಿಲ್ಲವಂತೆ. "ನಮ್ಮನೇಲಿ ಈ ಸಲ ಹಬ್ಬ ಬರೀ ಕ್ಯಾಲೆಂಡರ್‌ನಲ್ಲಿತ್ತು ಕಣಮ್ಮ" ಎಂದು ಚಿಕ್ಕಪ್ಪ ನನ್ನೊಬ್ಬಳಿಗೇ ಹೇಳಿದ್ದರು.

ಈ ವರ್ಷ ಚಿಕ್ಕಮ್ಮ ಮೊಬೈಲಿನಲ್ಲಿ ಮೈಕ್ರೋಸಿಮೆಂಟು ಎಂಬುದನ್ನು ಕಂಡುಹಿಡಿದಳು. ಟೈಲ್ಸು ಒಡೆಯಬೇಕಿಲ್ಲ, ಅದರ ಮೇಲೆಯೇ ತೆಳ್ಳಗೆ ಬಳಿಯುತ್ತಾ ಬಂದರೆ ನೆಲ, ಗೋಡೆ ಎಲ್ಲಾ ಒಂದೇ ಹಾಳೆ! ನೀರು ಹೀರದಂತೆ ಕೊನೆಯಲ್ಲಿ ಹಚ್ಚುವ ಸೀಲರಿಗೆ ತರಿ ಬೆರೆಸಿದರೆ ಕಾಲು ಜಾರದು. ಮಾರನೆಯ ದಿನವೇ ಬಿಟಿಎಂನಿಂದ ಮೇಸ್ತ್ರಿ ಹಾಜರ್. ಉತ್ತರ ಕರ್ನಾಟಕದವನು, ಮಾತಿನಲ್ಲಿ ಚಿಕ್ಕಮ್ಮನಿಗೇ ಸಡ್ಡು ಹೊಡೆಯುವವನು.

"ಇದರಾಗ ಗೆರಿ ಅನ್ನೂದ ಇಲ್ಲರಿ ಅಮ್ಮಾರ. ಇರಿವಿ ಸುದ್ದಾ ದಾರಿ ತಪ್ಪತೈತಿ ನೋಡ್ರಿ!"

"ಇರುವೆ ಕತೆ ನಂಗೆ ಬೇಡಪ್ಪ. ನಮ್ಮಕ್ಕ ಜಾರ್ತಾಳಾ ಇಲ್ವಾ, ಅದು ಹೇಳು."

"ಎಣ್ಣಿ ಸುರುವಿದರೂ ಜಾರಂಗಿಲ್ಲರಿ!"

ಅಷ್ಟು ಸಾಕಾಯಿತು. ಅಲ್ಲಿಂದ ಮುಂದೆ ನನಗೆ ದಿನವೂ ಫೋನು. "ಅಕ್ಕನಿಗೆ ಕೊಡ್ಬೇಡ, ಸುಮ್ನೆ ಕೇಳಿದೆ. ತಿಂಡಿ ತಿಂದ್ಲಾ? ಇವತ್ತು ಜಾಲರಿ ಅಂಟಿಸಿ ಮೊದಲನೇ ಕೋಟ್ ಹೊಡೆದ್ರು ಅಂತ ಹೇಳು." ನಾನು ಹೇಳುತ್ತಿದ್ದೆ. ಅಮ್ಮ ಹುರುಳಿಕಾಯಿ ಮುರಿಯುತ್ತಾ, "ಅವಳಿಗೆ ಹುಚ್ಚು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, "ಯಾವ ಬಣ್ಣವಂತೆ?" ಎನ್ನುತ್ತಿದ್ದಳು.

ಒಂದು ಕೋಟು, ಒಣಗಿಸುವುದು, ಉಜ್ಜುವುದು, ಮತ್ತೊಂದು ಕೋಟು. ಮುಗಿಯುವ ತನಕ ನೀರು ಸೋಕಬಾರದು! ಚಿಕ್ಕಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋಗತೊಡಗಿದರು. ಅಲ್ಲಿ ಸ್ನಾನದ ಜೊತೆ ಬಿಸಿ ಬಿಸಿ ಉಪ್ಪಿಟ್ಟೂ ಸಿಗುತ್ತಿತ್ತಂತೆ. ಕೆಲಸ ಮುಗಿದ ಮೇಲೂ ಎರಡು ದಿನ ಅಭ್ಯಾಸಬಲದಿಂದ ಅಲ್ಲಿಗೇ ಹೋದರು ಎಂಬ ಸುದ್ದಿ ಇದೆ.

ಇಷ್ಟರಲ್ಲಿ ಒಂದು ಅನಾಹುತ. ಕೊನೆಯ ಕೋಟು ಒಣಗಿ ಗೋಡೆ ನುಣ್ಣಗೆ ನಿಂತಿತ್ತು, ಸೀಲರ್ ಇನ್ನೂ ಹಚ್ಚಿರಲಿಲ್ಲ. ಅಂದು ಶುಕ್ರವಾರ. ಹೊಸ ಸ್ಕೂಟರಿಗೆ, ಹೊಸ ಮಿಕ್ಸಿಗೆ ಪೂಜೆ ಮಾಡುವ ನಮ್ಮ ಜನ ಹೊಸ ಗೋಡೆಯನ್ನು ಬಿಡುತ್ತಾರೆಯೇ? ಚಿಕ್ಕಮ್ಮ ಅರಿಶಿನ ಕಲಸಿ ಗೋಡೆಗೆ ಸಾಲಾಗಿ ಬೊಟ್ಟಿಟ್ಟು, ಮೇಲೆ ಕುಂಕುಮ ಏರಿಸಿ, ಆರತಿಯನ್ನೂ ಬೆಳಗಿಬಿಟ್ಟಳು. ಬಾಯಾರಿದ ಸಿಮೆಂಟು ಅಷ್ಟನ್ನೂ ಕುಡಿಯಿತು. ಮರುದಿನ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ.

"ಅಮ್ಮಾರ, ಏನ್ ಮಾಡೀರಿ ಇದು! ಈ ಗೋಡಿ ಮತ್ತ ಮೊದಲಿಂದ ಹೊಡೀಬೇಕ್ರಿ."

"ಹಬ್ಬದೊಳಗೆ ಆಗುತ್ತಾ?"

"ಆಗಂಗಿಲ್ರಿ."

"ಹಾಗಾದ್ರೆ ಅದರ ಮೇಲೇ ಸೀಲರ್ ಹೊಡಿ. ಹಬ್ಬಕ್ಕೆ ನಮ್ಮಕ್ಕ ಬರ್ಬೇಕು."

ಅರಿಶಿನದ ಬೊಟ್ಟುಗಳು ಶಾಶ್ವತವಾದವು. ಈಗ ಯಾರಾದರೂ ಕೇಳಿದರೆ, "ಡಿಸೈನು" ಎನ್ನುತ್ತಾಳೆ!

ಆಮೇಲೆ ಶುರುವಾಯಿತು ಪರೀಕ್ಷೆ. ನೆಲಕ್ಕೆ ನೀರು, ಎಣ್ಣೆ, ಸೀಗೆಪುಡಿ ಸುರಿದು ಸಿಕ್ಕಸಿಕ್ಕವರನ್ನು ನಡೆಸಿದಳು. ಸಿಲಿಂಡರಿನವನು ನಡೆದ. ಕೇಬಲ್ಲಿನವನು ಪ್ಯಾಂಟು ಮಡಿಚಿಕೊಂಡು ನಡೆದ. ಯಾರೂ ಜಾರಲಿಲ್ಲ. ಚಿಕ್ಕಮ್ಮನಿಗೆ ಅದರಿಂದಲೂ ಸಮಾಧಾನವಿಲ್ಲ.

"ರೀ, ನೀವೊಂದ್ಸಲ ಬೇಕೂಂತ್ಲೇ ಜಾರಿ ನೋಡೋಣ."

"ಮದುವೆಯಾದಾಗಿಂದ ನೆಟ್ಟಗೆ ನಿಂತಿದ್ದೇ ತಪ್ಪಾಯ್ತೇನೇ?" ಎಂದು ಚಿಕ್ಕಪ್ಪ ಪೇಪರಿನ ಹಿಂದೆ ಮರೆಯಾದರು.

ನೀರು ತುಂಬುವ ಹಬ್ಬದ ಸಂಜೆ ಅಮ್ಮ ನನ್ನ ಜೊತೆ ಬಂದಳು. ಬರುತ್ತೇನೆ ಎಂದೂ ಹೇಳಿರಲಿಲ್ಲ, ಬರುವುದಿಲ್ಲ ಎಂದೂ ಹೇಳಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಾನೇ ಸೀರೆ ಬದಲಾಯಿಸಿ ಬಾಗಿಲ ಬಳಿ ಕೂತಿದ್ದಳು. ಬಚ್ಚಲಿನಲ್ಲಿ ಹಂಡೆ ಇಲ್ಲವಾದ್ದರಿಂದ ಚಿಕ್ಕಮ್ಮ ಗೀಸರಿಗೇ ಚೆಂಡುಹೂವಿನ ಹಾರ ಹಾಕಿದ್ದಳು. ಅದನ್ನು ನೋಡಿ ಅಮ್ಮ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು.

ಬೆಳಗ್ಗೆ ಅಮ್ಮ ಕೋಲೂರಿಕೊಂಡು ಬಚ್ಚಲಿನ ಬಾಗಿಲಿಗೆ ಬಂದು ನಿಂತಳು. ಚಿಕ್ಕಮ್ಮ ಒಳಗೆ ನೀರು ಚೆಲ್ಲಿ, ಅದರ ಮೇಲೆ ದಪದಪ ನಡೆದು, ಕುಣಿದೂ ತೋರಿಸಿದಳು. "ನೋಡೇ ಅಕ್ಕ, ಬೀಳು ಅಂದ್ರೂ ಬೀಳಲ್ಲ ನಾನು! ಬಾ, ಕೈ ಹಿಡ್ಕೋತೀನಿ."

ಅಮ್ಮ ಒಂದು ಕಾಲು ಎತ್ತಿದಳು. ಬೆರಳ ತುದಿ ನೆಲಕ್ಕೆ ತಾಕಿತು. ತಕ್ಷಣ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಆಗಲ್ಲ ಕಣೇ ನನ್ನ ಕೈಲಿ."

ಇನ್ನು ಭಾಷಣ ಶುರು ಎಂದುಕೊಂಡೆ. ಆದರೆ ಚಿಕ್ಕಮ್ಮ ಒದ್ದೆ ಸೀರೆಯ ನೆರಿಗೆ ಹಿಡಿದು ತನ್ನ ಗೆರೆಯಿಲ್ಲದ ನೆಲವನ್ನೇ ನೋಡುತ್ತಾ ನಿಂತಳು.

ಅಮ್ಮ ನನ್ನ ಕಡೆ ತಿರುಗಿ, "ಒಂದು ಕುರ್ಚಿ ತಾ" ಎಂದಳು. ಹೊರಗೆ ಹಜಾರದಲ್ಲೇ ಕೂತು ತಂಗಿಯನ್ನು ಕಾಲ ಬುಡದಲ್ಲಿ ಕೂರಿಸಿಕೊಂಡು, ನೆತ್ತಿಗೆ ಎಣ್ಣೆ ಒತ್ತತೊಡಗಿದಳು. "ಕೂದಲೆಲ್ಲ ಎಲ್ಲಿ ಹೋಯ್ತೇ?" ಎಂದಳು. ಚಿಕ್ಕಮ್ಮ ಮುಖ ಎತ್ತಲಿಲ್ಲ. ಎಣ್ಣೆ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಎಣ್ಣೆ ಮಾತ್ರವಲ್ಲ.

ಆಮೇಲೆ ಚಿಕ್ಕಮ್ಮ ಒಬ್ಬಳೇ ಸ್ನಾನಕ್ಕೆ ಹೋದಳು. ಬಾಗಿಲನ್ನು ಪೂರ್ತಿ ಹಾಕಲಿಲ್ಲ. ನೀರಿನ ಸದ್ದು ಬಂತು, ನಿಂತಿತು.

"ಅಕ್ಕಾ, ಇದ್ದೀಯಾ?"

"ಇದ್ದೀನಿ ಕಣೇ. ಎರ್ಕೋ."

ಮತ್ತೆ ನೀರಿನ ಸದ್ದು, ಮತ್ತೆ ಅದೇ ಪ್ರಶ್ನೆ. ಅಮ್ಮ ಪ್ರತಿ ಸಲವೂ "ಇದ್ದೀನಿ" ಎನ್ನುತ್ತಿದ್ದಳು. ಹಾಗೆನ್ನುವಾಗಲೆಲ್ಲ ಕುರ್ಚಿಯನ್ನು ಬಾಗಿಲ ಕಡೆಗೆ ಚೂರೇ ಚೂರು ಎಳೆದುಕೊಳ್ಳುತ್ತಿದ್ದಳು.